ರಾಜಕುಮಾರಿಯ ಮನೆಲೆಕ್ಕ: ಮೂರು ವೃತ್ತಗಳ ಕಥೆ

ಹತ್ತನೆಯ ತರಗತಿಯ ಗಣಿತದಲ್ಲಿ ವೃತ್ತ ಮತ್ತು ಸ್ಪರ್ಶಕಗಳ ಪಾಠ ಬಂತೆಂದರೆ ಮಕ್ಕಳಿರುವ ಮನೆಗಳಲ್ಲಿ ಸಂಜೆಯ ಹೊತ್ತಿಗೆ ಒಂದು ಬಗೆಯ ಗಡಿಬಿಡಿ. ಕೈವಾರದ ಮೊನೆ ಜಾರುತ್ತದೆ. ವೃತ್ತವನ್ನು ಒಂದೇ ಕಡೆ ಮುಟ್ಟಬೇಕಾದ ಗೆರೆ ಅದನ್ನು ಕತ್ತರಿಸಿಕೊಂಡು ಆಚೆ ಹೋಗುತ್ತದೆ. ಅಣ್ಣನೋ ಅಕ್ಕನೋ ಕೈಗೆ ಸಿಗದಿದ್ದರೆ ಪಕ್ಕದ ಬೀದಿಯ ಮೇಷ್ಟ್ರು, ಅವರೂ ಇಲ್ಲದಿದ್ದರೆ ಗೈಡು. ಹೇಗಾದರೂ ಉತ್ತರ ಸಿಕ್ಕಿದರೆ ಸಾಕು, ಬರೆದು ಪುಸ್ತಕ ಮುಚ್ಚಿದರಾಯಿತು ಎನ್ನುವಷ್ಟು ಆಯಾಸ.

ಇಂಥದೇ ಒಂದು ಲೆಕ್ಕದ ಮುಂದೆ 1643ರ ಶರತ್ಕಾಲದಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಒಬ್ಬ ರಾಜಕುಮಾರಿ ಕುಳಿತಿದ್ದಳು. ಆಗ ಆಕೆಗೆ 24 ವರ್ಷ. ಲೆಕ್ಕ ಕೊಟ್ಟವನು ಯೂರೋಪಿನಲ್ಲೆಲ್ಲ ಹೆಸರಾಗಿದ್ದ ತತ್ತ್ವಜ್ಞಾನಿ, ಗಣಿತಜ್ಞ ರೆನೆ ದೆಕಾರ್ತ್. ಲೆಕ್ಕವನ್ನು ಕೊಟ್ಟ ಮೇಲೆ ಆತನಿಗೇ ಪಶ್ಚಾತ್ತಾಪವಾಯಿತು. ಇದು ಈಕೆಗೆ ತೀರ ಕಷ್ಟವಾದೀತು ಎಂದು ಗೆಳೆಯನಿಗೆ ಪತ್ರ ಬರೆದ. ಆಕೆಯಾದರೋ ಲೆಕ್ಕವನ್ನು ಬಿಡಿಸಿಯೇ ಬಿಟ್ಟಳು. ಈ ಪ್ರಸಂಗದಲ್ಲಿ ಇಬ್ಬರ ನಡುವೆ ಓಡಾಡಿದ ಕೆಲವು ಪತ್ರಗಳಿಂದಲೇ ಇಂದು ‘ದೆಕಾರ್ತ್‌ನ ಪ್ರಮೇಯ’ ಎಂದು ಕರೆಯಲಾಗುವ ಸುಂದರವಾದ ಸೂತ್ರವೊಂದು ಹುಟ್ಟಿತು. ಕಲಿಯುವವರಿಗೆ ನೆರವು ಹೇಗಿರಬೇಕು, ಎಷ್ಟಿರಬೇಕು ಎಂಬ ಪ್ರಶ್ನೆಗೂ ಆ ಪತ್ರಗಳಲ್ಲಿ ಉತ್ತರವಿದೆ.

ನೆಲೆ ತಪ್ಪಿದ ಮನೆತನ

ರಾಜಕುಮಾರಿಯ ಹೆಸರು ಎಲಿಜಬೆತ್. ಹುಟ್ಟಿದ್ದು 1618ರ ಡಿಸೆಂಬರಿನಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ತಂದೆ ಐದನೆಯ ಫ್ರೆಡರಿಕ್ ಪ್ಯಾಲಟಿನೇಟ್ ಸಂಸ್ಥಾನದ ಒಡೆಯ. ತಾಯಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್‌ನ ಮಗಳು. 1619ರಲ್ಲಿ ಬೊಹೀಮಿಯದ ಪ್ರಾಟೆಸ್ಟೆಂಟ್ ಪ್ರಮುಖರು ಫ್ರೆಡರಿಕ್‌ನನ್ನು ತಮ್ಮ ದೊರೆಯನ್ನಾಗಿ ಆರಿಸಿದರು. ಆ ಸಿಂಹಾಸನ ಉಳಿದದ್ದು ಸುಮಾರು ಒಂದು ವರ್ಷ ಮಾತ್ರ. 1620ರ ನವೆಂಬರಿನಲ್ಲಿ ಪ್ರಾಗ್ ನಗರದ ಬಳಿಯ ಬಿಳಿಗುಡ್ಡದ ಕಾಳಗದಲ್ಲಿ ಆತನ ಸೈನ್ಯ ಸೋತಿತು. ಒಂದೇ ಚಳಿಗಾಲ ಆಳಿದವನೆಂದು ಆತನಿಗೆ ‘ಚಳಿಗಾಲದ ದೊರೆ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಬೊಹೀಮಿಯದ ಜೊತೆಗೆ ಸ್ವಂತ ಸಂಸ್ಥಾನವೂ ಕೈಬಿಟ್ಟಿತು. ಕುಟುಂಬ ಹಾಲೆಂಡಿನ ಆರೆಂಜ್ ರಾಜಕುಮಾರನ ಆಶ್ರಯದಲ್ಲಿ ಹೇಗ್ ನಗರದಲ್ಲಿ ನೆಲೆಸಬೇಕಾಯಿತು. ಮೂವತ್ತು ವರ್ಷಗಳ ಯುದ್ಧ ಎಂದು ಇತಿಹಾಸ ಹೇಳುವ ಘೋರ ಕದನಕ್ಕೆ ಇದೇ ಮುನ್ನುಡಿ.

ಹೀಗೆ ನೆಲೆ ತಪ್ಪಿದ ಮನೆತನದಲ್ಲಿ ಬೆಳೆದ ಎಲಿಜಬೆತ್‌ಳಿಗೆ ಓದೇ ಆಸ್ತಿಯಾಯಿತು. ಲ್ಯಾಟಿನ್, ಗ್ರೀಕ್ ಸೇರಿ ಹಲವು ಭಾಷೆಗಳನ್ನು ಆಕೆ ಕಲಿತಳು. ಒಡಹುಟ್ಟಿದವರು ಆಕೆಯನ್ನು ‘ಗ್ರೀಕಳು’ ಎಂದೇ ಕರೆದು ಛೇಡಿಸುತ್ತಿದ್ದರು. ಪೋಲೆಂಡಿನ ದೊರೆಯೊಂದಿಗೆ ಮದುವೆಯ ಮಾತು ನಡೆದು, ಅದಕ್ಕಾಗಿ ಕ್ಯಾಥೊಲಿಕ್ ಮತಕ್ಕೆ ಸೇರಲು ಆಕೆ ಒಪ್ಪದ್ದರಿಂದ ಮುರಿದುಬಿತ್ತು.

ಆದರೆ ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ಆನಾ ಮರಿಯಾ ವಾನ್ ಶುರ್ಮನ್ ಎಂಬ ವಿದುಷಿ 1636ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯದ ಪಾಠಗಳನ್ನು ಕೇಳಿದ್ದು ಗಂಡುಹುಡುಗರಿಗೆ ಕಾಣದಂತೆ ಮರೆಯಲ್ಲಿ ಕುಳಿತು. ರಾಜಕುಮಾರಿಗಾದರೂ ಇದ್ದ ದಾರಿ ಎರಡೇ: ಮನೆಗೆ ಬಂದು ಪಾಠ ಹೇಳುವ ಮೇಷ್ಟ್ರು, ಇಲ್ಲವೇ ಪಂಡಿತರೊಂದಿಗೆ ಪತ್ರವ್ಯವಹಾರ. ಎಲಿಜಬೆತ್ ಎರಡನ್ನೂ ಬಳಸಿಕೊಂಡಳು.

1643ರ ಮೇ ತಿಂಗಳಲ್ಲಿ ಆಕೆ ದೆಕಾರ್ತ್‌ನಿಗೆ ತನ್ನ ಮೊದಲ ಪತ್ರ ಬರೆದಳು. ಅದು ಗಣಿತದ ಪತ್ರವಲ್ಲ. ಆತ್ಮಕ್ಕೆ ಆಕಾರವಿಲ್ಲ, ಅದು ಜಾಗವನ್ನೂ ಆಕ್ರಮಿಸುವುದಿಲ್ಲ ಎನ್ನುವುದಾದರೆ ಅದು ಶರೀರವನ್ನು ಹೇಗೆ ಅಲುಗಿಸೀತು ಎಂದು ಆಕೆ ನೇರವಾಗಿ ಕೇಳಿದಳು. ದೆಕಾರ್ತ್‌ನ ತತ್ತ್ವಜ್ಞಾನದ ಬುಡಕ್ಕೇ ಕೈಹಾಕಿದ ಪ್ರಶ್ನೆ ಅದು. ಇಂದಿಗೂ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಅದನ್ನು ಚರ್ಚಿಸುತ್ತಾರೆ. ವೃತ್ತಗಳ ಲೆಕ್ಕ ಬಂದದ್ದು ಅದರ ಬೆನ್ನಿಗೆ, ಕೆಲವು ತಿಂಗಳ ನಂತರ.

ಎರಡು ಸಾವಿರ ವರ್ಷದ ಪ್ರಶ್ನೆ

ದೆಕಾರ್ತ್ ಕೊಟ್ಟ ಪ್ರಶ್ನೆ ಅವನದಲ್ಲ, ಹಳೆಯದು. ಅದನ್ನು ಕೇಳಿದವನು ಕ್ರಿಸ್ತಪೂರ್ವ 200ರ ಸುಮಾರಿಗೆ ಬಾಳಿದ್ದ, ಈಗಿನ ಟರ್ಕಿಯಲ್ಲಿರುವ ಪೆರ್ಗ ಎಂಬ ಊರಿನ ಗ್ರೀಕ್ ಗಣಿತಜ್ಞ ಅಪೊಲೋನಿಯಸ್. ‘ಸ್ಪರ್ಶಗಳು’ ಎಂಬ ಅವನ ಗ್ರಂಥ ಕಳೆದುಹೋಗಿದೆ. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಪಪ್ಪಸ್ ಅದರ ಸಾರವನ್ನು ಬರೆದಿಟ್ಟದ್ದರಿಂದ ಪ್ರಶ್ನೆ ಮಾತ್ರ ಉಳಿಯಿತು.

ಪ್ರಶ್ನೆ ಕೇಳಲು ಸರಳ. ಮೂರು ವಸ್ತುಗಳಿವೆ. ಅವು ಬಿಂದುಗಳಾಗಿರಬಹುದು, ಸರಳರೇಖೆಗಳಾಗಿರಬಹುದು, ವೃತ್ತಗಳಾಗಿರಬಹುದು, ಇವುಗಳ ಮಿಶ್ರಣವೂ ಆಗಿರಬಹುದು. ಮೂರನ್ನೂ ಮುಟ್ಟುವ ಒಂದು ವೃತ್ತವನ್ನು ಎಳೆಯಬೇಕು. ಬಿಂದುವಾದರೆ ವೃತ್ತ ಅದರ ಮೂಲಕ ಹಾದುಹೋಗಬೇಕು. ರೇಖೆಯಾದರೆ ಅದು ವೃತ್ತಕ್ಕೆ ಸ್ಪರ್ಶಕವಾಗಬೇಕು. ವೃತ್ತವಾದರೆ ಎರಡೂ ಒಂದೇ ಬಿಂದುವಿನಲ್ಲಿ ತಾಗಬೇಕು. ಲೆಕ್ಕ ಹಾಕಿದರೆ ಒಟ್ಟು ಹತ್ತು ಬಗೆಗಳಾಗುತ್ತವೆ. ಮೂರು ಬಿಂದುಗಳ ಮೂಲಕ ಹಾಯುವ ವೃತ್ತ, ಮೂರು ರೇಖೆಗಳನ್ನು ಸ್ಪರ್ಶಿಸುವ ವೃತ್ತ ಇವೆರಡೂ ಸುಲಭ. ತ್ರಿಭುಜದ ಪರಿವೃತ್ತ, ಅಂತರ್ವೃತ್ತ ಎಂಬ ಹೆಸರಿನಲ್ಲಿ ಇಂದಿನ ಶಾಲಾ ಮಕ್ಕಳೂ ಇವನ್ನು ರಚಿಸುತ್ತಾರೆ. ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ನಾಲ್ಕನೆಯ ಭಾಗದಲ್ಲೇ ಇವೆ. ಹತ್ತರಲ್ಲಿ ಕಠಿಣವಾದದ್ದು ಕೊನೆಯದು: ಮೂರು ವೃತ್ತಗಳನ್ನು ಮುಟ್ಟುವ ನಾಲ್ಕನೆಯ ವೃತ್ತ.

ಹುಡುಕುತ್ತಿರುವ ವೃತ್ತ ಕೊಟ್ಟ ಒಂದೊಂದು ವೃತ್ತವನ್ನೂ ಹೊರಗಿನಿಂದ ತಾಗಬಹುದು ಅಥವಾ ತನ್ನೊಳಗೆ ಸೇರಿಸಿಕೊಂಡು ತಾಗಬಹುದು. ಮೂರಕ್ಕೂ ಎರಡೆರಡು ಆಯ್ಕೆ ಇರುವುದರಿಂದ ಒಟ್ಟು ಎಂಟು ಉತ್ತರಗಳವರೆಗೆ ಸಾಧ್ಯ. 1596ರಲ್ಲಿ ವಾನ್ ರೂಮೆನ್ ಎಂಬ ಗಣಿತಜ್ಞ ಅತಿಪರವಲಯ ಎಂಬ ವಕ್ರರೇಖೆಗಳ ನೆರವಿನಿಂದ ಇದನ್ನು ಬಿಡಿಸಿದ. ಬರಿಯ ಅಳತೆಪಟ್ಟಿ, ಕೈವಾರಗಳಿಂದಲೇ ಇದು ಸಾಧ್ಯವೆಂದು 1600ರಲ್ಲಿ ಫ್ರಾನ್ಸಿನ ವಿಯೆತ್ ತೋರಿಸಿಕೊಟ್ಟ. ದೆಕಾರ್ತ್ ರಾಜಕುಮಾರಿಗೆ ಕೊಟ್ಟದ್ದು ಇದೇ ಪ್ರಶ್ನೆ, ಆದರೆ ಬೀಜಗಣಿತದಿಂದ ಬಿಡಿಸಲೆಂದು.

ಒಂದಕ್ಕೊಂದು ತಾಗಿದ ವೃತ್ತಗಳ ಕುತೂಹಲ ಕನ್ನಡ ನಾಡಿಗೂ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿಸ್ತಶಕ 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ರಚಿಸಿದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’. ಅದರಲ್ಲಿ ಪರಸ್ಪರ ತಾಗಿದ ಸಮಾನ ವೃತ್ತಗಳ ನಡುವೆ ಉಳಿಯುವ ಜಾಗದ ವಿಸ್ತೀರ್ಣಕ್ಕೆ ಸೂತ್ರಗಳಿವೆ. ನಾಲ್ಕು ವೃತ್ತಗಳಾದರೆ ವ್ಯಾಸದ ವರ್ಗದಿಂದ ಒಂದು ವೃತ್ತದ ವಿಸ್ತೀರ್ಣವನ್ನು ಕಳೆಯಬೇಕು. ಮೂರಾದರೆ, ವ್ಯಾಸವನ್ನೇ ಬಾಹುವಾಗಿ ಉಳ್ಳ ಸಮಬಾಹು ತ್ರಿಭುಜದ ವಿಸ್ತೀರ್ಣದಿಂದ ಅರ್ಧ ವೃತ್ತವನ್ನು ಕಳೆಯಬೇಕು. ಮಹಾವೀರ ಕೇಳಿದ್ದು ನಡುವಿನ ಖಾಲಿ ಜಾಗ ಎಷ್ಟು ಎಂದು. ದೆಕಾರ್ತ್ ಕೇಳಿದ್ದು ಆ ಜಾಗದಲ್ಲಿ ಸರಿಯಾಗಿ ಕೂರುವ ವೃತ್ತ ಯಾವುದು ಎಂದು.

ಮೇಷ್ಟ್ರ ಮೇಲಿನ ಸಿಟ್ಟು

ಎಲಿಜಬೆತ್‌ಳಿಗೆ ಗಣಿತ ಕಲಿಸಿದ್ದವನು ಸ್ಟಾಂಪಿಯೋನ್ ಎಂಬ ಡಚ್ ಮೇಷ್ಟ್ರು. 1639ರಲ್ಲಿ ಬೀಜಗಣಿತದ ಪುಸ್ತಕವೊಂದನ್ನು ಪ್ರಕಟಿಸಿ ತನ್ನ ವಿಧಾನಗಳನ್ನು ಆತ ಕೊಚ್ಚಿಕೊಂಡಿದ್ದ. ದೆಕಾರ್ತ್‌ನಿಗೆ ಅದು ಸರಿಬರಲಿಲ್ಲ. ಆತನ ಬೆಂಬಲದಿಂದ ವಾಸೆನಾರ್ ಎಂಬ ಯುವ ಮೋಜಣಿದಾರ ಆ ಪುಸ್ತಕವನ್ನು ಖಂಡಿಸಿದ. ಮಾತಿಗೆ ಮಾತು ಬೆಳೆದು 600 ಗಿಲ್ಡರ್‌ಗಳ ಪಂಥಕ್ಕೆ ತಿರುಗಿತು. 1640ರಲ್ಲಿ ಪಂಡಿತರು ಸ್ಟಾಂಪಿಯೋನ್ ವಿರುದ್ಧ ತೀರ್ಪಿತ್ತರು.

ಇದಾಗಿ ಮೂರು ವರ್ಷಗಳ ನಂತರ ಅದೇ ಮೇಷ್ಟ್ರ ಶಿಷ್ಯೆಗೆ ದೆಕಾರ್ತ್ ಲೆಕ್ಕ ಕೊಟ್ಟಿದ್ದ. 1643ರ ಅಕ್ಟೋಬರ್ 21ರಂದು ಆತ ಪೊಲ್ಲೊ ಎಂಬ ಗೆಳೆಯನಿಗೆ ತನ್ನ ಪಶ್ಚಾತ್ತಾಪವನ್ನು ತೋಡಿಕೊಂಡ. ಆ ಮೇಷ್ಟ್ರು ಕಲಿಸಿದ ಬೀಜಗಣಿತವನ್ನಷ್ಟೇ ಬಲ್ಲ ದೇವದೂತನಿಗೂ ಪವಾಡವಿಲ್ಲದೆ ಈ ಲೆಕ್ಕ ಬಿಡಿಸಲು ಆಗದು ಎಂಬುದು ಆ ಮಾತಿನ ತಾತ್ಪರ್ಯ. ಶಿಷ್ಯೆಯ ಮೇಲೆ ಕನಿಕರ, ಮೇಷ್ಟ್ರ ಮೇಲೆ ಹಳೆಯ ಸಿಟ್ಟು ಎರಡೂ ಅದರಲ್ಲಿವೆ.

ಪೊಲ್ಲೊ ಆರೆಂಜ್ ರಾಜಕುಮಾರನ ಆಸ್ಥಾನದಲ್ಲಿದ್ದವನು. ಎಗ್ಮಂಡ್ ಎಂಬ ಹಳ್ಳಿಯಲ್ಲಿ ವಾಸವಾಗಿದ್ದ ದೆಕಾರ್ತ್‌ನಿಗೂ ಹೇಗ್‌ನಲ್ಲಿದ್ದ ರಾಜಕುಮಾರಿಗೂ ನಡುವಿನ ಕೊಂಡಿ ಆತನೇ. ನವೆಂಬರ್ ತಿಂಗಳಲ್ಲಿ ಆತನಿಂದ ಬಂದ ಸುದ್ದಿ ದೆಕಾರ್ತ್‌ನನ್ನು ಅಚ್ಚರಿಗೊಳಿಸಿತು. ರಾಜಕುಮಾರಿ ದಾರಿ ಕಂಡುಕೊಂಡಿದ್ದಳು. ಅದೂ ಒಂದೇ ಒಂದು ಅವ್ಯಕ್ತವನ್ನು, ಅಂದರೆ ಗೊತ್ತಿಲ್ಲದ ಒಂದೇ ಸಂಖ್ಯೆಯನ್ನು ಇಟ್ಟುಕೊಂಡು.

ಉತ್ತರವಲ್ಲ, ದಾರಿ

ದೆಕಾರ್ತ್ ಕೂಡಲೇ ಪತ್ರ ಬರೆದ. ತಾನು ಇಂಥ ಲೆಕ್ಕಗಳನ್ನು ಹೇಗೆ ಬಿಡಿಸುತ್ತೇನೆಂದು ಅದರಲ್ಲಿ ಬಿಚ್ಚಿಟ್ಟ. ಇದು ಸಣ್ಣ ಸಂಗತಿಯಲ್ಲ. ಆರು ವರ್ಷ ಹಿಂದೆ, 1637ರಲ್ಲಿ ಪ್ರಕಟವಾಗಿದ್ದ ಅವನ ‘ಜ್ಯಾಮಿತಿ’ ಗ್ರಂಥ ಪಂಡಿತರಿಗೂ ಕಬ್ಬಿಣದ ಕಡಲೆಯಾಗಿತ್ತು. ಕಂಡುಹಿಡಿಯುವ ಸಂತೋಷ ಮುಂದಿನವರಿಗೂ ಇರಲಿ ಎಂದು ಅನೇಕ ವಿಷಯಗಳನ್ನು ಬೇಕೆಂದೇ ಬಿಟ್ಟಿದ್ದೇನೆ ಎಂದು ಆತನೇ ಅದರ ಕೊನೆಯಲ್ಲಿ ಹೇಳಿಕೊಂಡಿದ್ದ. ಗೊತ್ತಿಲ್ಲದ ಸಂಖ್ಯೆಗಳಿಗೆ ಎಕ್ಸ್, ವೈ, ಜೆಡ್ ಎಂದು ಹೆಸರಿಡುವ, ಇಂದು ಎಲ್ಲ ಶಾಲೆಗಳಲ್ಲೂ ಇರುವ ರೂಢಿ ಬಂದದ್ದು ಆ ಗ್ರಂಥದಿಂದಲೇ. ಅಂಥ ಗ್ರಂಥದ ಕರ್ತೃ ಒಬ್ಬ ವಿದ್ಯಾರ್ಥಿನಿಗಾಗಿ ತನ್ನ ಅಡುಗೆಮನೆಯ ಬಾಗಿಲನ್ನೇ ತೆರೆದಿಟ್ಟಂತಾಯಿತು.

ಪತ್ರದ ಸಾರ ಇಷ್ಟು. ಜ್ಯಾಮಿತಿಯ ಲೆಕ್ಕಕ್ಕೆ ನೂರು ಪ್ರಮೇಯಗಳು ಬೇಕಿಲ್ಲ, ಎರಡೇ ಸಾಕು. ಒಂದು, ಸಮರೂಪ ತ್ರಿಭುಜಗಳ ಬಾಹುಗಳು ಸಮಾನುಪಾತದಲ್ಲಿರುತ್ತವೆ ಎಂಬುದು. ಇನ್ನೊಂದು, ಲಂಬಕೋನ ತ್ರಿಭುಜದ ವಿಕರ್ಣದ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ ಎಂಬ ಪೈಥಾಗೊರಸನ ಪ್ರಮೇಯ. ಗೆರೆಗಳನ್ನು ಎಳೆಯುವಾಗ ಆದಷ್ಟೂ ಸಮಾಂತರ ಅಥವಾ ಲಂಬವಾಗಿಯೇ ಎಳೆಯಬೇಕು. ಗೊತ್ತಿಲ್ಲದ ಸಂಖ್ಯೆಗಳು ಎರಡಾಗಲಿ ಮೂರಾಗಲಿ ಹೆದರಬೇಕಾಗಿಲ್ಲ. ಒಂದೇ ಅವ್ಯಕ್ತದಿಂದ ಬಿಡಿಸಹೊರಟರೆ ಜಾಣತನದ ಗೆರೆಗಳನ್ನು ಹುಡುಕಬೇಕು. ಹಲವನ್ನು ಇಟ್ಟುಕೊಂಡರೆ ದಾರಿ ನೇರವಾಗಿರುತ್ತದೆ.

ಅಷ್ಟು ತೋರಿಸಿ ಆತ ನಿಲ್ಲಿಸುತ್ತಾನೆ. ಸಮೀಕರಣ ಯಾವ ಬಗೆಯದೆಂದು ಗೊತ್ತಾದ ಮೇಲೆ ಉಳಿಯುವುದು ಬರಿಯ ಗುಣಿಸುವ, ಕೂಡುವ ಕೆಲಸ. ಅದರಿಂದ ಬುದ್ಧಿ ಬೆಳೆಯುವುದಿಲ್ಲ, ತಾಳ್ಮೆಯುಳ್ಳ ಲೆಕ್ಕಿಗರು ಮಾಡಿಕೊಳ್ಳಲಿ ಎಂಬುದು ಅವನ ಅಭಿಪ್ರಾಯ.

ಆ ಪತ್ರವನ್ನು ಕೂಡಲೇ ಕೊಡಬೇಡವೆಂದು ದೆಕಾರ್ತ್ ಪೊಲ್ಲೊನಿಗೆ ತಿಳಿಸಿದ್ದನೆಂದು ನವೆಂಬರ್ 21ರ ಎಲಿಜಬೆತ್‌ಳ ಉತ್ತರದಿಂದ ಗೊತ್ತಾಗುತ್ತದೆ. ಆತ ಆ ಅಪ್ಪಣೆಯನ್ನು ಪಾಲಿಸಿದ್ದರೆ ಕ್ಷಮಿಸುತ್ತಿರಲಿಲ್ಲ ಎಂದು ಆಕೆ ವಿನೋದವಾಗಿ ಬರೆಯುತ್ತಾಳೆ. ಪೊಲ್ಲೊ ಒಂದು ಷರತ್ತು ಹಾಕಿದ್ದ: ನೀವು ಮಾಡಿದ ಲೆಕ್ಕವನ್ನು ದೆಕಾರ್ತ್‌ನಿಗೆ ಕಳಿಸುವುದಾದರೆ ಮಾತ್ರ ಈ ಪತ್ರ ನಿಮ್ಮ ಕೈಗೆ. ಆಕೆ ಒಪ್ಪಿ ತನ್ನ ಲೆಕ್ಕವನ್ನು ಕಳಿಸಿದಳು.

ಆ ಉತ್ತರ ಓದುವಂಥದು. ತಾನು ಹಿಂದೆ ಕಲಿತಿದ್ದ ವಿಧಾನದಿಂದಲೇ ಲೆಕ್ಕ ಮಾಡಿದೆ. ಅದರಲ್ಲಿ ಏನೋ ಕೊರತೆ ಇದೆಯೆಂದು ತನಗೇ ಅನಿಸುತ್ತಿತ್ತು, ಏಕೆಂದರೆ ಅದರಿಂದ ಪ್ರಮೇಯವೊಂದನ್ನು ಹೊರಡಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಕೊರತೆ ಎಲ್ಲಿದೆ ಎಂಬುದು ನಿಮ್ಮ ಪತ್ರ ಓದಿದ ಮೇಲೆಯೇ ತಿಳಿಯಿತು ಎನ್ನುತ್ತಾಳೆ. ಮೇಷ್ಟ್ರಿಂದ ಆರು ತಿಂಗಳಲ್ಲಿ ಕಲಿಯುತ್ತಿದ್ದುದಕ್ಕಿಂತ ಹೆಚ್ಚನ್ನು ಈ ಒಂದು ಪತ್ರ ಕಲಿಸಿತು ಎಂದೂ ಸೇರಿಸುತ್ತಾಳೆ. ಉತ್ತರ ಬಂದಿದ್ದರೂ ತೃಪ್ತಿಯಾಗದೆ, ಏಕೆ ಹೀಗೆ ಎಂದು ಕೊರಗುವ ವಿದ್ಯಾರ್ಥಿನಿಯ ಚಿತ್ರ ಇಲ್ಲಿದೆ.

ಒಂದು, ಎರಡು, ಮೂರು

ದೆಕಾರ್ತ್ ಹೇಳಿದ ದಾರಿ ಎಷ್ಟು ನೇರವೆಂದು ತಿಳಿಯಲು ಸುಲಭವಾದ ಉದಾಹರಣೆಯೊಂದನ್ನು ಮಾಡಿ ನೋಡಬಹುದು. ಪ್ರೌಢಶಾಲೆಯ ಗಣಿತವಷ್ಟೇ ಸಾಕು.

1, 2 ಮತ್ತು 3 ಅಂಗುಲ ತ್ರಿಜ್ಯದ ಮೂರು ಬಿಲ್ಲೆಗಳನ್ನು ರಟ್ಟಿನಿಂದ ಕತ್ತರಿಸಿ, ಮೂರೂ ಒಂದಕ್ಕೊಂದು ತಾಗುವಂತೆ ಮೇಜಿನ ಮೇಲೆ ಇಡಬೇಕು. ಎರಡು ವೃತ್ತಗಳು ಸ್ಪರ್ಶಿಸಿದಾಗ ಅವುಗಳ ಕೇಂದ್ರಗಳೂ ಸ್ಪರ್ಶಬಿಂದುವೂ ಒಂದೇ ಸರಳರೇಖೆಯಲ್ಲಿರುತ್ತವೆ ಎಂಬ ಪ್ರಮೇಯವನ್ನು ಹತ್ತನೆಯ ತರಗತಿಯಲ್ಲಿ ಓದಿದವರು ನೆನಪಿಸಿಕೊಳ್ಳಬಹುದು. ಆದ್ದರಿಂದ ಕೇಂದ್ರಗಳ ನಡುವಣ ದೂರವೆಂದರೆ ತ್ರಿಜ್ಯಗಳ ಮೊತ್ತ. ಇಲ್ಲಿ ಆ ದೂರಗಳು 3, 4 ಮತ್ತು 5. ಮೂರು ಕೇಂದ್ರಗಳನ್ನು ಸೇರಿಸಿದರೆ ಎಲ್ಲರಿಗೂ ಗೊತ್ತಿರುವ ಲಂಬಕೋನ ತ್ರಿಭುಜ ಸಿಗುತ್ತದೆ. ಲಂಬಕೋನ ಇರುವುದು ಚಿಕ್ಕ ಬಿಲ್ಲೆಯ ಕೇಂದ್ರದಲ್ಲಿ.

ಈಗ ಮೂರರ ನಡುವಿನ ಸಂದಿಯಲ್ಲಿ ಕೂರುವ ಪುಟ್ಟ ಬಿಲ್ಲೆಯ ತ್ರಿಜ್ಯ ಎಕ್ಸ್ ಇರಲಿ. ಅದರ ಕೇಂದ್ರ ಲಂಬಕೋನದ ಮೂಲೆಯಿಂದ 3ರ ಬಾಹುವಿನ ಗುಂಟ ವೈ ದೂರ, 4ರ ಬಾಹುವಿನ ಗುಂಟ ಜೆಡ್ ದೂರ ಇರಲಿ. ಅವ್ಯಕ್ತಗಳು ಮೂರು. ಪುಟ್ಟ ಬಿಲ್ಲೆಯ ಕೇಂದ್ರದಿಂದ ಉಳಿದ ಮೂರು ಕೇಂದ್ರಗಳಿಗೆ ಇರುವ ದೂರಗಳು ಕ್ರಮವಾಗಿ ಎಕ್ಸ್‌ಗೆ 1, 2, 3 ಸೇರಿಸಿದಷ್ಟು. ಪೈಥಾಗೊರಸನ ಪ್ರಮೇಯವನ್ನು ಮೂರು ಸಲ ಬಳಸಿದರೆ ಮೂರು ಸಮೀಕರಣಗಳಾಗುತ್ತವೆ. ಎರಡನೆಯದರಿಂದಲೂ ಮೂರನೆಯದರಿಂದಲೂ ಮೊದಲನೆಯದನ್ನು ಕಳೆದರೆ ವರ್ಗಗಳೆಲ್ಲ ಹೊಡೆದುಹೋಗುತ್ತವೆ. ಉಳಿಯುವುದು ಇಷ್ಟೇ: ವೈ ಎಂದರೆ 1ರಲ್ಲಿ ಎಕ್ಸ್‌ನ ಮೂರನೆಯ ಒಂದು ಭಾಗ ಕಳೆದದ್ದು, ಜೆಡ್ ಎಂದರೆ 1ರಲ್ಲಿ ಎಕ್ಸ್‌ನ ಅರ್ಧ ಕಳೆದದ್ದು. ಇವನ್ನು ಮೊದಲನೆಯ ಸಮೀಕರಣದಲ್ಲಿ ಹಾಕಿದರೆ ಎಕ್ಸ್ ಒಂದೇ ಇರುವ ವರ್ಗಸಮೀಕರಣ ದೊರೆಯುತ್ತದೆ: ಎಕ್ಸ್ ವರ್ಗದ 23ರಷ್ಟು, ಎಕ್ಸ್‌ನ 132ರಷ್ಟು ಕೂಡಿದರೆ 36.

ಅದಕ್ಕೆ ಎರಡು ಉತ್ತರಗಳು. ಒಂದು 23ರಲ್ಲಿ 6 ಭಾಗ, ಅಂದರೆ ಕಾಲು ಅಂಗುಲಕ್ಕಿಂತ ತುಸು ಹೆಚ್ಚು. ಇದೇ ಸಂದಿಯ ಬಿಲ್ಲೆ. ಇನ್ನೊಂದು ಋಣ 6. ತ್ರಿಜ್ಯ ಋಣಸಂಖ್ಯೆಯಾದೀತೆ ಎಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಇದನ್ನು ಹೊಡೆದು ಹಾಕುತ್ತಾರೆ. ಆದರೆ ಅದಕ್ಕೂ ಅರ್ಥವಿದೆ. ಆಗ ವೈ 3, ಜೆಡ್ 4. ಅಂದರೆ 3, 4 ಬಾಹುಗಳ ಆಯತವನ್ನು ಪೂರ್ತಿಮಾಡಿದಾಗ ಸಿಗುವ ನಾಲ್ಕನೆಯ ಮೂಲೆ. ಅಲ್ಲಿ ಕೈವಾರವನ್ನು ಊರಿ 6 ಅಂಗುಲ ತ್ರಿಜ್ಯದ ವೃತ್ತವನ್ನು ಎಳೆದರೆ ಅದು ಮೂರು ಬಿಲ್ಲೆಗಳನ್ನೂ ಬಳೆಯಂತೆ ಸುತ್ತುವರಿದು, ಮೂರನ್ನೂ ಒಳಗಿನಿಂದ ತಾಗುತ್ತದೆ. ಋಣಚಿಹ್ನೆ ಹೇಳುತ್ತಿದ್ದದ್ದು ಅದನ್ನೇ: ಈ ವೃತ್ತ ಒಳಗಿನದಲ್ಲ, ಹೊರಗಿನದು.

ಬಾಗಿನ ಸೂತ್ರ

ನವೆಂಬರ್ 29ರಂದು ದೆಕಾರ್ತ್ ಮತ್ತೆ ಬರೆದ. ರಾಜಕುಮಾರಿಯ ಲೆಕ್ಕವನ್ನು ಮನಸಾರೆ ಮೆಚ್ಚಿದ. ತನ್ನ ‘ಜ್ಯಾಮಿತಿ’ಯಲ್ಲಿ ತೋರಿಸಿದ ರೀತಿಯಲ್ಲೇ ಆಕೆ ಲೆಕ್ಕ ಹಾಕಿದ್ದು ಕಂಡು ಬೆರಗಾದೆ ಎಂದ. ತತ್ತ್ವವಿಚಾರ ಬಲ್ಲವರಿಗೆ ಬೀಜಗಣಿತ ಹಿಡಿಯುವುದಿಲ್ಲ, ಬೀಜಗಣಿತ ಬಲ್ಲವರಿಗೆ ತತ್ತ್ವವಿಚಾರ ಹಿಡಿಯುವುದಿಲ್ಲ. ಎರಡೂ ಸಲೀಸಾಗಿರುವುದನ್ನು ಈಕೆಯಲ್ಲಿ ಮಾತ್ರ ಕಂಡೆ ಎಂಬುದು ಅವನ ಮಾತಿನ ಅರ್ಥ. ಮರುವರ್ಷ, 1644ರಲ್ಲಿ, ‘ತತ್ತ್ವಶಾಸ್ತ್ರದ ಮೂಲತತ್ತ್ವಗಳು’ ಎಂಬ ಗ್ರಂಥವನ್ನು ಆಕೆಗೆ ಅರ್ಪಿಸಿದಾಗಲೂ ಇದನ್ನೇ ಬಹಿರಂಗವಾಗಿ ಹೇಳಿದ.

ಅದೇ ಪತ್ರದಲ್ಲಿ ಮೂರು ವೃತ್ತಗಳು ಒಂದಕ್ಕೊಂದು ತಾಗಿರುವ ವಿಶೇಷ ಸಂದರ್ಭಕ್ಕೆ ಆತ ಒಂದು ಸೂತ್ರವನ್ನು ಕೊಟ್ಟ. ಆಕೆ ತನಗೆ ಕಾಣಲಿಲ್ಲವೆಂದು ಬರೆದಿದ್ದ ‘ಪ್ರಮೇಯ’ಕ್ಕೆ ಇದು ಉತ್ತರವಾಯಿತು. ದೆಕಾರ್ತ್ ಅದನ್ನು ತ್ರಿಜ್ಯಗಳಲ್ಲಿ ಬರೆದಿದ್ದರಿಂದ ನೋಡಲು ಉದ್ದವಾಗಿದೆ. ‘ಬಾಗು’ ಎಂಬ ಪದವನ್ನು ಬಳಸಿದರೆ ಒಂದೇ ಸಾಲಾಗುತ್ತದೆ. ಒಂದನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವುದು ವೃತ್ತದ ಬಾಗು. ಚಿಕ್ಕ ವೃತ್ತಕ್ಕೆ ಬಾಗು ಹೆಚ್ಚು, ದೊಡ್ಡದಕ್ಕೆ ಕಡಿಮೆ. ಪರಸ್ಪರ ತಾಗಿದ ನಾಲ್ಕು ವೃತ್ತಗಳ ಬಾಗುಗಳನ್ನು ಕೂಡಿ ವರ್ಗ ಮಾಡಿದರೆ, ಅದು ಆ ಬಾಗುಗಳ ವರ್ಗಗಳ ಮೊತ್ತದ ಎರಡರಷ್ಟಿರುತ್ತದೆ.

ಹಿಂದಿನ ಉದಾಹರಣೆಯಲ್ಲಿ ಬಾಗುಗಳನ್ನು ಆರನೆಯ ಒಂದು ಭಾಗದ ಲೆಕ್ಕದಲ್ಲಿ ಹೇಳಿದರೆ 6, 3, 2. ಹೊರಗಿನ ಬಳೆಗೆ ಋಣ 1. ಮೊತ್ತ 10, ಅದರ ವರ್ಗ 100. ಬಿಡಿ ವರ್ಗಗಳು 36, 9, 4, 1. ಮೊತ್ತ 50, ಅದರ ಎರಡರಷ್ಟು 100. ಸಂದಿಯ ಬಿಲ್ಲೆಯ ಬಾಗು 23. ಅದನ್ನು ಹಾಕಿ ನೋಡಿದರೂ ಎರಡೂ ಕಡೆ 1156 ಬರುತ್ತದೆ.

ಸ್ಪರ್ಶಕಗಳಿಗೂ ಈ ಸೂತ್ರದಲ್ಲಿ ಜಾಗವಿದೆ. ವೃತ್ತ ದೊಡ್ಡದಾಗುತ್ತ ಹೋದಂತೆ ಅದರ ಅಂಚು ನೆಟ್ಟಗಾಗುತ್ತ ಹೋಗುತ್ತದೆ. ಸರಳರೇಖೆಯೆಂದರೆ ಬಾಗು ಸೊನ್ನೆಯಾದ ವೃತ್ತ ಎಂದುಕೊಳ್ಳಬಹುದು. ಒಂದೇ ಬೆಲೆಯ ಎರಡು ನಾಣ್ಯಗಳನ್ನು ತಾಗಿಸಿಟ್ಟು, ಎರಡಕ್ಕೂ ಸ್ಪರ್ಶಕವಾಗುವಂತೆ ಕೆಳಗೆ ಅಳತೆಪಟ್ಟಿ ಇಟ್ಟರೆ ಬಾಗುಗಳು 1, 1, 0. ನಾಲ್ಕನೆಯದಕ್ಕೆ ಸೂತ್ರ ಕೊಡುವ ಉತ್ತರಗಳು 4 ಮತ್ತು 0. ಮೊದಲನೆಯದು ಪಟ್ಟಿಗೂ ನಾಣ್ಯಗಳಿಗೂ ನಡುವೆ ನುಸುಳುವ, ನಾಣ್ಯದ ತ್ರಿಜ್ಯದ ಕಾಲುಭಾಗದಷ್ಟು ತ್ರಿಜ್ಯವುಳ್ಳ ಪುಟ್ಟ ವೃತ್ತ. ಎರಡನೆಯದು ನಾಣ್ಯಗಳ ತಲೆಯ ಮೇಲೆ ಹಾಯುವ ಮತ್ತೊಂದು ಸ್ಪರ್ಶಕ, ಕೆಳಗಿನದಕ್ಕೆ ಸಮಾಂತರ. ಶಾಲೆಯಲ್ಲಿ ಬೇರೆ ಬೇರೆ ದಿನ ಕಲಿಯುವ ಎರಡು ಪಾಠಗಳು ಇಲ್ಲಿ ಒಂದಾಗುತ್ತವೆ.

ಉಳಿದ ಪತ್ರ, ಕಳೆದ ಲೆಕ್ಕ

ಇಬ್ಬರ ಪತ್ರವ್ಯವಹಾರ ಏಳು ವರ್ಷ ನಡೆಯಿತು. 1649ರಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟೀನಳ ಕರೆಯ ಮೇರೆಗೆ ಸ್ಟಾಕ್‌ಹೋಮಿಗೆ ಹೋದ ದೆಕಾರ್ತ್, 1650ರ ಫೆಬ್ರುವರಿ 11ರಂದು ಅಲ್ಲಿ ತೀರಿಕೊಂಡ. ಅವನ ಕಾಗದಗಳಲ್ಲಿ ಎಲಿಜಬೆತ್‌ಳ ಪತ್ರಗಳು ಸಿಕ್ಕಿದವು. ಅವನ್ನು ರಾಣಿಗೆ ತೋರಿಸಲು ಅನುಮತಿ ಬೇಕೆಂದು ಫ್ರೆಂಚ್ ರಾಯಭಾರಿ ಕೇಳಿದಾಗ ಆಕೆ ಒಪ್ಪದೆ ಹಿಂದಕ್ಕೆ ತರಿಸಿಕೊಂಡಳು. ಹೀಗಾಗಿ 1657ರಿಂದ ಅಚ್ಚಾಗತೊಡಗಿದ ದೆಕಾರ್ತ್‌ನ ಪತ್ರಗಳ ಸಂಪುಟಗಳಲ್ಲಿ ಓದುಗರಿಗೆ ಸಿಕ್ಕಿದ್ದು ಅವನ ಮಾತು ಮಾತ್ರ. ಎದುರು ಕುಳಿತು ಪ್ರಶ್ನೆ ಕೇಳಿದವಳ ದನಿ ಕೇಳಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ಹಾಲೆಂಡಿನ ಆರ್ನೆಮ್ ಬಳಿಯ ಕೋಟೆಮನೆಯೊಂದರಲ್ಲಿ ದೊರೆತ ಆಕೆಯ ಪತ್ರಗಳ ಪ್ರತಿಗಳನ್ನು ಫ್ರಾನ್ಸಿನ ಫೂಶೆ ದ ಕರೈ 1879ರಲ್ಲಿ ಪ್ರಕಟಿಸಿದ.

ಆದರೆ ಆ ನವೆಂಬರಿನಲ್ಲಿ ಆಕೆ ಮಾಡಿ ಕಳಿಸಿದ ಲೆಕ್ಕದ ಹಾಳೆ ಉಳಿದಿಲ್ಲ. ಒಂದೇ ಅವ್ಯಕ್ತದಿಂದ ಆಕೆ ಹೇಗೆ ದಾರಿ ಮಾಡಿಕೊಂಡಳು ಎಂಬುದನ್ನು ಗಣಿತದ ಇತಿಹಾಸಕಾರರು ದೆಕಾರ್ತ್‌ನ ಉತ್ತರಗಳಿಂದ ಊಹಿಸಬೇಕಾಗಿದೆ. ಪ್ರಮೇಯಕ್ಕೆ ಅವನೊಬ್ಬನ ಹೆಸರು ಉಳಿಯಿತು.

ಸೂತ್ರವೂ ಬಹುಕಾಲ ಮರೆವಿಗೆ ಸಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಸ್ಟೈನರ್, ಇಂಗ್ಲೆಂಡಿನ ಬೀಕ್ರಾಫ್ಟ್ ಬೇರೆ ಬೇರೆಯಾಗಿ ಅದನ್ನು ಮತ್ತೆ ಕಂಡುಹಿಡಿದರು. 1921ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದಿದ್ದ ಫ್ರೆಡರಿಕ್ ಸಾಡಿ 1936ರಲ್ಲಿ ಮತ್ತೊಮ್ಮೆ ಕಂಡುಕೊಂಡು, ‘ನೇಚರ್’ ಎಂಬ ಗಂಭೀರ ವಿಜ್ಞಾನ ಪತ್ರಿಕೆಯಲ್ಲಿ ಅದನ್ನು ಪದ್ಯರೂಪದಲ್ಲಿ ಪ್ರಕಟಿಸಿದ. ವೃತ್ತಗಳು ತಾಗುವುದನ್ನು ಮುತ್ತಿಗೆ ಹೋಲಿಸಿದ ಆ ಪದ್ಯ ಗೋಳಗಳಿಗೂ ಸೂತ್ರವನ್ನು ವಿಸ್ತರಿಸಿತು.

ಎಲಿಜಬೆತ್ ಮದುವೆಯಾಗಲಿಲ್ಲ. 1667ರಲ್ಲಿ ಜರ್ಮನಿಯ ಹೆರ್ಫರ್ಡ್ ಮಠದ ಮುಖ್ಯಸ್ಥೆಯಾಗಿ, ತಮ್ಮ ಊರುಗಳಲ್ಲಿ ಮತದ ಕಾರಣಕ್ಕೆ ಕಿರುಕುಳಕ್ಕೆ ಒಳಗಾದವರಿಗೆ ಅಲ್ಲಿ ಆಶ್ರಯ ಕೊಟ್ಟಳು. ಅಂದು ಪರದೆಯ ಮರೆಯಲ್ಲಿ ಪಾಠ ಕೇಳಿದ್ದ ಆನಾ ಮರಿಯಾ ವಾನ್ ಶುರ್ಮನ್ ಕೂಡ ಹಾಗೆ ಆಶ್ರಯ ಪಡೆದವರಲ್ಲಿ ಒಬ್ಬಳು. 1680ರಲ್ಲಿ ಎಲಿಜಬೆತ್ ತೀರಿಕೊಂಡಳು.

ಲೆಕ್ಕ ಬಾರದೆಂದು ಕೂತ ಮಗುವಿಗೆ ನೆರವಾಗುವವರು ಇಂದು ಬೇಕಾದಷ್ಟು. ಉತ್ತರವನ್ನು ಕೈಗಿಡುವ ಪುಸ್ತಕಗಳಿಗೂ ಬರವಿಲ್ಲ. 1643ರ ಆ ಪತ್ರಗಳಲ್ಲಿ ಕಾಣುವ ನೆರವಿನ ರೀತಿ ಬೇರೆ. ಕಲಿಯುವವಳು ಮೊದಲು ತಾನೇ ಹೆಣಗಿ ನೋಡಿದಳು. ಕಲಿಸುವವನು ದಾರಿ ತೋರಿಸಿ ಅರ್ಧಕ್ಕೆ ನಿಂತ. ನಡುವಿನವನು, ನಿಮ್ಮ ಲೆಕ್ಕ ಕೊಟ್ಟರೆ ಮಾತ್ರ ಅವರ ಲೆಕ್ಕ ಎಂದು ಹಟ ಹಿಡಿದ. ಕೊರತೆಗಳಿವೆ ಎಂದು ಗೊತ್ತಿದ್ದೂ ಆಕೆ ತನ್ನ ಹಾಳೆಯನ್ನು ನಾಚಿಕೆಯಿಲ್ಲದೆ ಮುಂದಿಟ್ಟಳು. ಆ ಹಾಳೆ ಈಗ ಇಲ್ಲ. ರಟ್ಟಿನ ಮೂರು ಬಿಲ್ಲೆಗಳು, ಒಂದು ಕೈವಾರ, ಪೈಥಾಗೊರಸನ ಪ್ರಮೇಯ ಇವಿಷ್ಟಿದ್ದರೆ, ಅದರಲ್ಲಿದ್ದ ಲೆಕ್ಕವನ್ನು ಹೊಸದಾಗಿ ಮಾಡಲು ಯಾವ ಊರಿನ ಹುಡುಗಿಗಾದರೂ ಒಂದು ಸಂಜೆ ಸಾಕು.